ಪೆಂಗ್ವಿನ್‌ಗಳ ದ್ವೀಪಕ್ಕೆ ಐಷಾರಾಮಿ ಹಡಗಿನಲ್ಲಿ: ಫಾಕ್‌ಲ್ಯಾಂಡ್, ಸೌತ್ ಜಾರ್ಜಿಯಾ, ಅಂಟಾರ್ಕ್ಟಿಕಾಕ್ಕೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಧ್ರುವ ಪ್ರದೇಶದ ಕ್ರೂಸ್‌ಗಳ ಬ್ರೋಶರ್ ತೆರೆದರೆ ಮೊದಲು ಕಾಣುವುದು ಸೂಟ್, ಬಾಲ್ಕನಿ, ಸ್ಪಾ, ಊಟದ ಮೇಜು. ಅದನ್ನೆಲ್ಲ ದಾಟಿ ಹೋಗಿ, ಎಲ್ಲೋ ಸಣ್ಣ ಅಕ್ಷರದಲ್ಲಿರುವ ಒಂದು ಅಂಕಿ ಹುಡುಕಿ. ಹಡಗಿನಲ್ಲಿ ಎಷ್ಟು ಪ್ರಯಾಣಿಕರು? ನಿಮ್ಮ ಪ್ರವಾಸ ಹೇಗಿರುತ್ತದೆ ಅನ್ನುವುದನ್ನು ಬೇರೆಲ್ಲಕ್ಕಿಂತ ಜಾಸ್ತಿ ಈ ಅಂಕಿಯೇ ತೀರ್ಮಾನಿಸುತ್ತದೆ.

ಕಾರಣ ಸರಳ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಪ್ರಯಾಣಿಕರಿಗಿಂತ ಹೆಚ್ಚು ಜನ ದಡಕ್ಕೆ ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ, ದೂರದಿಂದ ನೋಡಿ ವಾಪಸ್ ಬರಬೇಕು. ಈಗ ನೀವೇ ಲೆಕ್ಕ ಹಾಕಿ. 100 ಜನರ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿದು ಮೂರು ಗಂಟೆ ಪೆಂಗ್ವಿನ್‌ಗಳ ನಡುವೆ ಇರಬಹುದು. 200 ಜನರಿದ್ದರೆ ಅರ್ಧ ಜನ ದಡದಲ್ಲಿ, ಅರ್ಧ ಜನ ರಬ್ಬರ್ ದೋಣಿಯಲ್ಲಿ ಸುತ್ತಾಟ, ಆಮೇಲೆ ಅದಲು ಬದಲು. 450 ಜನರಿದ್ದರೆ ಐದು ಸರದಿ, ನಿಮ್ಮ ಪಾಲಿಗೆ ಒಂದು ಗಂಟೆ ಸಿಕ್ಕರೆ ಪುಣ್ಯ. ನನ್ನ ಮಟ್ಟಿಗೆ ಈ ಪ್ರವಾಸದ ನಿಜವಾದ ಐಷಾರಾಮ ಅಂದರೆ ದಡದ ಮೇಲೆ ಸಿಗುವ ಸಮಯ. ಕೈಯಲ್ಲಿರುವ ದುಡ್ಡನ್ನು ಅದಕ್ಕೆ ಹೇಗೆ ಹಾಕಬೇಕು ಅನ್ನುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಯಾವ ದ್ವೀಪಗಳು?

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಹಿಮಕರಡಿ ನೋಡಬೇಕಾದರೆ ಉತ್ತರಕ್ಕೆ ಹೋಗಬೇಕು, ನಾರ್ವೆಯ ಸ್ವಾಲ್‌ಬಾರ್ಡ್ ಅದಕ್ಕೆ ಒಳ್ಳೆಯ ಜಾಗ. ಅಲ್ಲಿ ನಿಯಮಗಳು ಈಗ ಬಿಗಿಯಾಗಿವೆ: 2025ರ ಜನವರಿಯಿಂದ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ಪೆಂಗ್ವಿನ್, ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲಹಕ್ಕಿ, ಆನೆ ಸೀಲ್ ಬೇಕೆಂದರೆ ದಕ್ಷಿಣಕ್ಕೆ. ಈ ಬರಹ ದಕ್ಷಿಣದ ಬಗ್ಗೆ.

ದಕ್ಷಿಣದಲ್ಲಿ ಎರಡು ಬಗೆಯ ಪ್ರವಾಸಗಳಿವೆ. ಒಂದು, ಅರ್ಜೆಂಟೀನಾದ ಉಶುವಾಯಾದಿಂದ ಹೊರಟು, ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಜಲಸಂಧಿ ದಾಟಿ ಅಂಟಾರ್ಕ್ಟಿಕ್ ಪೆನಿನ್ಸುಲಾಕ್ಕೆ (ಪರ್ಯಾಯ ದ್ವೀಪಕ್ಕೆ) ಹೋಗಿ ಬರುವುದು, ಹತ್ತು ಹನ್ನೆರಡು ದಿನ. ಇನ್ನೊಂದು, ಫಾಕ್‌ಲ್ಯಾಂಡ್, ಸೌತ್ ಜಾರ್ಜಿಯಾ ಅನ್ನುವ ದಕ್ಷಿಣ ಅಟ್ಲಾಂಟಿಕ್ ಸಾಗರದ ದ್ವೀಪಗಳು, ಆಮೇಲೆ ಪೆನಿನ್ಸುಲಾ ಸೇರಿಸಿ ಮೂರು ವಾರದ ಆಸುಪಾಸು. ರಜೆ, ದುಡ್ಡು ಎರಡೂ ಇದ್ದರೆ ಕಣ್ಣು ಮುಚ್ಚಿ ಎರಡನೆಯದನ್ನು ಆರಿಸಿ. ಪೆನಿನ್ಸುಲಾದಲ್ಲಿ ಹಿಮದ ಚೆಲುವು ಇದೆ, ನಿಜ. ಆದರೆ ಜೀವರಾಶಿಯ ಲೆಕ್ಕದಲ್ಲಿ ಸೌತ್ ಜಾರ್ಜಿಯಾಕ್ಕೆ ಸಾಟಿಯಿಲ್ಲ. ಅಲ್ಲಿನ ಸೇಂಟ್ ಆಂಡ್ರ್ಯೂಸ್ ಬೇ ಒಂದರಲ್ಲೇ ಸುಮಾರು 1,50,000 ಜೋಡಿ ಕಿಂಗ್ ಪೆಂಗ್ವಿನ್‌ಗಳು ಮರಿ ಮಾಡುತ್ತವೆ. ಸಣ್ಣ ದಿಬ್ಬ ಹತ್ತಿ ನಿಂತರೆ ಕಣ್ಣು ಹಾಯುವಷ್ಟು ದೂರ ಬರೀ ಪೆಂಗ್ವಿನ್‌ಗಳೇ. ಅವುಗಳ ಕೂಗು ದೋಣಿ ದಡ ಮುಟ್ಟುವ ಮೊದಲೇ ಕಿವಿಗೆ ಬೀಳುತ್ತದೆ, ವಾಸನೆ ಅದಕ್ಕಿಂತ ಮೊದಲೇ ಬರುತ್ತದೆ.

ಡ್ರೇಕ್ ದಾಟಲು ಹೆದರುವವರಿಗೆ ಇನ್ನೊಂದು ದಾರಿ ಇದೆ. ಚಿಲಿಯ ಪುಂಟಾ ಅರೆನಾಸ್‌ನಿಂದ ವಿಮಾನದಲ್ಲಿ ಕಿಂಗ್ ಜಾರ್ಜ್ ದ್ವೀಪಕ್ಕೆ ಹಾರಿ ಅಲ್ಲೇ ಹಡಗು ಹತ್ತಬಹುದು. ನಾಲ್ಕು ದಿನ ಉಳಿಯುತ್ತದೆ. ಆದರೆ ಮೋಡ ಕವಿದರೆ ವಿಮಾನ ಹಾರುವುದಿಲ್ಲ, ಪುಂಟಾ ಅರೆನಾಸ್‌ನಲ್ಲೇ ಕಾದು ಕೂರಬೇಕಾಗುತ್ತದೆ. ಅದೂ ಅಲ್ಲದೆ ಹಡಗಿನ ಹಿಂದೆ ರೆಕ್ಕೆ ಬಡಿಯದೆ ಗಂಟೆಗಟ್ಟಲೆ ತೇಲಿಬರುವ ಆಲ್ಬಟ್ರಾಸ್‌ಗಳು ವಿಮಾನದಲ್ಲಿ ಹೋದವರಿಗೆ ಸಿಗುವುದಿಲ್ಲ ಅಲ್ವಾ?

ಹೆಜ್ಜೆ 2: ಯಾವ ತಿಂಗಳು?

ಹಡಗುಗಳು ಓಡಾಡುವುದು ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಮಾತ್ರ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಕ್ರಿಸ್‌ಮಸ್ ರಜೆ ಸಿಗುತ್ತದೆ ಅಂತ ಡಿಸೆಂಬರ್ ಬುಕ್ ಮಾಡುತ್ತಾರೆ. ಪೆನಿನ್ಸುಲಾಕ್ಕೆ ಅದು ಒಳ್ಳೆಯ ಕಾಲವೇ. ಆದರೆ ಸೌತ್ ಜಾರ್ಜಿಯಾದಲ್ಲಿ ಅದು ಫರ್ ಸೀಲ್‌ಗಳು ಮರಿ ಹಾಕುವ ಸಮಯ. ಗಂಡುಗಳು ಒಂದೊಂದು ಅಂಗುಲ ದಡಕ್ಕೂ ಜಗಳ ಆಡುತ್ತಿರುತ್ತವೆ, ಕಾಲಿಡಲು ಜಾಗ ಇರುವುದಿಲ್ಲ, ಕೆಲವು ಕಡೆ ಇಳಿಯುವುದನ್ನೇ ಕೈಬಿಡಬೇಕಾಗುತ್ತದೆ.

ನವೆಂಬರ್ ನನಗೆ ಇಷ್ಟ. ಹಿಮ ಇನ್ನೂ ಶುಭ್ರವಾಗಿರುತ್ತದೆ, ಪೆಂಗ್ವಿನ್‌ಗಳು ಕಲ್ಲು ಹೊತ್ತು ತಂದು ಗೂಡು ಕಟ್ಟುತ್ತಿರುತ್ತವೆ, ಪಕ್ಕದ ಗೂಡಿನಿಂದ ಕದ್ದೂ ತರುತ್ತವೆ. ಸೌತ್ ಜಾರ್ಜಿಯಾದ ದಡದಲ್ಲಿ ತಾಯಿ ಬಿಟ್ಟುಹೋದ ದುಂಡನೆಯ ಆನೆ ಸೀಲ್ ಮರಿಗಳು ಬಿದ್ದುಕೊಂಡಿರುತ್ತವೆ. ಮರಿ ಪೆಂಗ್ವಿನ್‌ಗಳನ್ನೇ ನೋಡಬೇಕು ಅನ್ನುವವರು ಜನವರಿಗೆ ಹೋಗಿ. ತಿಮಿಂಗಿಲಗಳಿಗೆ ಫೆಬ್ರವರಿ, ಮಾರ್ಚ್. ಆಗ ಪೆನಿನ್ಸುಲಾದ ವಿಲ್ಹೆಲ್ಮಿನಾ ಬೇ ತರಹದ ಕೊಲ್ಲಿಗಳಲ್ಲಿ ಹಂಪ್‌ಬ್ಯಾಕ್‌ಗಳು ಕ್ರಿಲ್ ಅನ್ನುವ ಸೀಗಡಿಯಂಥ ಪುಟ್ಟ ಜೀವಿಗಳನ್ನು ತಿನ್ನಲು ಸೇರಿರುತ್ತವೆ. ಕಿಂಗ್ ಪೆಂಗ್ವಿನ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅವು ಒಂದು ಮರಿ ಬೆಳೆಸಲು ಒಂದು ವರ್ಷಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತವೆ, ಹಾಗಾಗಿ ಕಂದು ಬಣ್ಣದ ತುಪ್ಪುಳು ಕೋಟು ಹಾಕಿಕೊಂಡ ಮರಿಗಳು ಯಾವ ತಿಂಗಳಲ್ಲಿ ಹೋದರೂ ಕಾಣುತ್ತವೆ.

ಆದರೆ ಎಂಪರರ್ ಪೆಂಗ್ವಿನ್ ಈ ದಾರಿಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಅವುಗಳ ಕಾಲೊನಿಗೆ ಹೋಗಲು ಹಿಮ ಒಡೆಯುವ ಹಡಗೇ ಬೇಕು.

ಹೆಜ್ಜೆ 3: ಹಡಗು ಆರಿಸುವುದು

ಪ್ರಯಾಣಿಕರ ಸಂಖ್ಯೆ ಆಯಿತು. ಇನ್ನೂ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ಹಡಗಿನ ಐಸ್ ಕ್ಲಾಸ್, ಅಂದರೆ ಹಿಮ ತಡೆಯುವ ಶಕ್ತಿಯ ದರ್ಜೆ, ಏನು? ಪಿಸಿ (ಪೋಲಾರ್ ಕ್ಲಾಸ್) 1 ಅತಿ ಗಟ್ಟಿ, ಪಿಸಿ 7 ಅತಿ ಹಗುರ. ಈಗಿನ ಹೊಸ ಐಷಾರಾಮಿ ಎಕ್ಸ್‌ಪೆಡಿಶನ್ ಹಡಗುಗಳು ಹೆಚ್ಚಾಗಿ ಪಿಸಿ 6. ಬೇಸಿಗೆಯ ಹಿಮಕ್ಕೆ ಅದು ಸಾಕು. ಫ್ರಾನ್ಸ್‌ನ ಪೊನಾಂ ಕಂಪನಿಯ ಲೆ ಕಮಾಂಡಾಂಟ್ ಶಾರ್ಕೋ ಪಿಸಿ 2, ಅದು ದಪ್ಪ ಹಿಮ ಒಡೆದು ಹೋಗುವ ಹಡಗು, ಬೆಲೆಯೂ ಹಾಗೆಯೇ. ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. 2007ರ ನವೆಂಬರ್ 23ರಂದು ಎಕ್ಸ್‌ಪ್ಲೋರರ್ ಅನ್ನುವ ಹಡಗು ಕಿಂಗ್ ಜಾರ್ಜ್ ದ್ವೀಪದ ಹತ್ತಿರ ಹಿಮಕ್ಕೆ ಬಡಿದು ಮುಳುಗಿತು. ಇಂಥ ಪ್ರವಾಸಗಳಿಗೆಂದೇ 1969ರಲ್ಲಿ ಕಟ್ಟಿದ ಮೊದಲ ಹಡಗು ಅದು. ಅದರಲ್ಲಿದ್ದ 154 ಜನರೂ ಬದುಕಿದರು, ಆದರೆ ತೆರೆದ ದೋಣಿಗಳಲ್ಲಿ ಗಂಟೆಗಟ್ಟಲೆ ಚಳಿಯಲ್ಲಿ ಕೂತ ಮೇಲೆ. ಈಗ 2017ರಿಂದ ಪೋಲಾರ್ ಕೋಡ್ ಜಾರಿಯಲ್ಲಿದೆ, ಹಡಗಿನ ಕಟ್ಟೋಣ, ಸಿಬ್ಬಂದಿಯ ತರಬೇತಿ ಎರಡಕ್ಕೂ ಕಟ್ಟುನಿಟ್ಟಿನ ನಿಯಮಗಳಿವೆ.

ಎರಡನೆಯದು, ಕಂಪನಿ ಐಎಎಟಿಒ ಸದಸ್ಯನೇ? 1991ರಲ್ಲಿ ಪ್ರವಾಸ ಕಂಪನಿಗಳೇ ಸೇರಿ ಕಟ್ಟಿದ ಸಂಘ ಇದು. ಯಾವ ದಿನ ಯಾವ ಹಡಗು ಯಾವ ದಡಕ್ಕೆ ಅನ್ನುವುದನ್ನು ಇದರ ಸದಸ್ಯರು ಮೊದಲೇ ಹಂಚಿಕೊಂಡಿರುತ್ತಾರೆ. ನಿಮ್ಮ ಕಣ್ಣಿಗೆ ಇನ್ನೊಂದು ಹಡಗು ಬೀಳದೆ ಇರುವುದು ಇದರಿಂದಲೇ.

ಮೂರನೆಯದು ನನಗೆ ಅತಿ ಮುಖ್ಯ. ಗೈಡ್‌ಗಳು ಯಾರು? ದಡದಲ್ಲಿ 20 ಜನರಿಗೆ ಒಬ್ಬರಾದರೂ ಇರಬೇಕು ಅನ್ನುವುದು ನಿಯಮ, ಒಳ್ಳೆಯ ಹಡಗುಗಳು ಅದಕ್ಕಿಂತ ಜಾಸ್ತಿ ಇಟ್ಟಿರುತ್ತವೆ. ಪಕ್ಷಿ ತಜ್ಞ, ಸಮುದ್ರ ಜೀವಿಗಳ ತಜ್ಞ, ಹಿಮನದಿ ಬಲ್ಲವರು, ಇತಿಹಾಸ ಹೇಳುವವರು ಇದ್ದಾರಾ ಅಂತ ಹೆಸರು ಸಮೇತ ಕೇಳಿ. ಅಡುಗೆಯವರ ಬಗ್ಗೆ ನಾಲ್ಕು ಪುಟ ಬರೆದು ಗೈಡ್‌ಗಳ ಬಗ್ಗೆ ನಾಲ್ಕು ಸಾಲು ಬರೆಯುವ ಕಂಪನಿಯಿಂದ ದೂರ ಇರಿ.

ಹೆಜ್ಜೆ 4: ಕ್ಯಾಬಿನ್, ದುಡ್ಡು, ವಿಮೆ

ಮೇಲಿನ ಡೆಕ್‌ನ ದೊಡ್ಡ ಸೂಟ್ ಅತಿ ದುಬಾರಿ, ಅಲೆ ಎದ್ದಾಗ ಅತಿ ಜಾಸ್ತಿ ತೂಗಾಡುವುದೂ ಅದೇ. ತೊಟ್ಟಿಲಿನ ಹಾಗೆ ತೂಗದೆ ಇರುವ ಜಾಗ ಹಡಗಿನ ನಡುಭಾಗ, ಕೆಳಗಿನ ಡೆಕ್. ಒರಟು ಸಮುದ್ರದಲ್ಲಿ ಬಾಲ್ಕನಿ ಬಾಗಿಲು ಹೇಗೂ ಮುಚ್ಚಿರುತ್ತಾರೆ. ಹಾಗಾಗಿ ನನ್ನ ಸಲಹೆ: ಕ್ಯಾಬಿನ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಉಳಿದ ದುಡ್ಡನ್ನು ಪ್ರವಾಸದ ದಿನಗಳಿಗೆ ಸೇರಿಸಿ. ಸೌತ್ ಜಾರ್ಜಿಯಾದಲ್ಲಿ ಎರಡು ದಿನ ಇರುವ ಹಡಗಿಗೂ ನಾಲ್ಕೈದು ದಿನ ಇರುವ ಹಡಗಿಗೂ ಅಜಗಜಾಂತರ. ಗಾಳಿಗೆ ಒಂದು ದಿನ ಹೋದರೂ ನಾಲ್ಕು ದಿನದ ಪ್ರವಾಸದಲ್ಲಿ ಮೂರು ಉಳಿಯುತ್ತದೆ.

ಐಷಾರಾಮಿ ಹಡಗಿನಲ್ಲಿ ತಲೆಗೆ ದಿನಕ್ಕೆ 1,000 ಅಮೆರಿಕನ್ ಡಾಲರ್ ದಾಟುವುದು ಸಾಮಾನ್ಯ. ಒಬ್ಬರೇ ಹೋದರೆ ಇನ್ನೂ ಜಾಸ್ತಿ, ಖಾಲಿ ಹಾಸಿಗೆಗೂ ಕಟ್ಟಬೇಕು. ಒಂದು ವರ್ಷ ಮೊದಲೇ ಬುಕ್ ಮಾಡಿದರೆ ಬೇಕಾದ ಕ್ಯಾಬಿನ್ ಸಿಗುತ್ತದೆ. ಕಯಾಕ್ ಮಾಡುವ ಆಸೆ ಇದ್ದರೆ ಆಗಲೇ ಹೇಳಿಬಿಡಿ, ಸೀಟು ಕಡಿಮೆ, ಬೇಗ ಮುಗಿಯುತ್ತದೆ. ಕೆಲವು ಹಡಗುಗಳಲ್ಲಿ ಸಬ್‌ಮರೀನ್, ಹೆಲಿಕಾಪ್ಟರ್ ಕೂಡ ಇವೆ. ಅವಕ್ಕೆ ಹವೆ ಪೂರ್ತಿ ಒಲಿಯಬೇಕು. ಕಯಾಕ್‌ಗೆ ದುಡ್ಡು ಕೊಡಿ, ಉಳಿದವುಗಳನ್ನು ನಂಬಿಕೊಂಡು ಹಡಗು ಆರಿಸಬೇಡಿ.

ವಿಮೆ ಬೇಕೇ ಬೇಕು. ಅಂಟಾರ್ಕ್ಟಿಕಾದಲ್ಲಿ ಪ್ರವಾಸಿಗಳಿಗೆಂದು ಆಸ್ಪತ್ರೆ ಇಲ್ಲ. ಹಡಗಿನ ವೈದ್ಯರ ಕೈಮೀರಿದರೆ ವಿಮಾನದಲ್ಲಿ ಸಾಗಿಸಬೇಕು, ಅದಕ್ಕೆ ಲಕ್ಷಗಟ್ಟಲೆ ಡಾಲರ್ ಆಗಬಹುದು. ಪಾಲಿಸಿಯಲ್ಲಿ ಅಂಟಾರ್ಕ್ಟಿಕಾ ಅನ್ನುವ ಪದ, ತುರ್ತು ಸ್ಥಳಾಂತರ ಅನ್ನುವ ಪದ ಎರಡೂ ಇವೆಯೇ ಅಂತ ಓದಿ ನೋಡಿ. ಪ್ರವಾಸ ರದ್ದಾದರೆ ಅನ್ನುವ ಭಾಗವನ್ನೂ ಓದಿ.

ಹೆಜ್ಜೆ 5: ಹೊಟ್ಟೆ, ಕಾಲು, ಬಟ್ಟೆ

ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ. ಕೆಲವೊಮ್ಮೆ ಕೆರೆಯ ಹಾಗೆ ಶಾಂತ, ಕೆಲವೊಮ್ಮೆ ಊಟದ ತಟ್ಟೆ ಮೇಜಿನ ಮೇಲೆ ನಿಲ್ಲುವುದಿಲ್ಲ. ನಿಮ್ಮ ವೈದ್ಯರ ಹತ್ತಿರ ಮೊದಲೇ ಮಾತಾಡಿ ಮಾತ್ರೆ ಅಥವಾ ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿ ತೆಗೆದುಕೊಳ್ಳಿ. ಗ್ಲಾಕೋಮಾ ಇರುವವರಿಗೆ ಆ ಪಟ್ಟಿ ಆಗಿಬರುವುದಿಲ್ಲ. ಯಾವ ಮದ್ದಾದರೂ ಹೊಟ್ಟೆ ತೊಳಸಲು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೇ ಬರುತ್ತದೆ. ಹೊಟ್ಟೆ ಖಾಲಿ ಬಿಡಬೇಡಿ, ದಿಗಂತ ನೋಡುತ್ತಾ ಕೂರಿ. ಮೆಟ್ಟಿಲಲ್ಲಿ ಯಾವಾಗಲೂ ಒಂದು ಕೈ ಕಂಬಿಯ ಮೇಲಿರಲಿ. ಬಾಗಿಲ ಸಂದಿಗೆ ಬೆರಳು ಇಡಲೇಬೇಡಿ, ಹಡಗು ವಾಲಿದಾಗ ಭಾರದ ಬಾಗಿಲು ಬಂದು ಬಡಿಯುತ್ತದೆ.

ದೊಡ್ಡ ಚಾರಣ ಮಾಡುವ ಶಕ್ತಿ ಬೇಕಿಲ್ಲ. ಆದರೆ ಅಲುಗಾಡುವ ದೋಣಿಗೆ ಹತ್ತಿ ಇಳಿಯಬೇಕು, ಒದ್ದೆ ಕಲ್ಲುಗಳ ಮೇಲೆ ನಡೆಯಬೇಕು. ಎರಡು ತಿಂಗಳು ಮೊದಲೇ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಮಾಡಿ, ಒಂಟಿ ಕಾಲಲ್ಲಿ ನಿಲ್ಲುವುದನ್ನೂ ರೂಢಿ ಮಾಡಿ. ಮಂಡಿ ನೋವಿರುವವರಿಗೆ ಊರುಗೋಲು ಬಹಳ ಸಹಾಯ ಮಾಡುತ್ತದೆ.

ಬಟ್ಟೆ ವಿಷಯದಲ್ಲಿ ಜನ ಜಾಸ್ತಿ ಹೆದರುತ್ತಾರೆ. ಅಲ್ಲಿನ ಬೇಸಿಗೆಯಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸು. ಕಾಡುವುದು ಗಾಳಿ ಮತ್ತು ನೀರು. ಮೈಗೆ ತಾಗುವಂತೆ ಉಣ್ಣೆಯ ತೆಳು ಬಟ್ಟೆ, ಅದರ ಮೇಲೆ ಫ್ಲೀಸ್, ಹೊರಗೆ ನೀರು ಹೋಗದ ಕೋಟು, ನೀರು ಹೋಗದ ಪ್ಯಾಂಟು. ಕೋಟನ್ನು ಹೆಚ್ಚಿನ ಐಷಾರಾಮಿ ಹಡಗುಗಳು ತಾವೇ ಕೊಡುತ್ತವೆ, ಮೊಣಕಾಲಿನವರೆಗೆ ಬರುವ ಗಂಬೂಟ್ ಎರವಲಾಗಿ ಸಿಗುತ್ತದೆ. ಪ್ಯಾಂಟು ಮಾತ್ರ ನೀವೇ ತರಬೇಕು, ಅದರಲ್ಲಿ ಕಂಜೂಸಿ ಮಾಡಬೇಡಿ. ಹತ್ತಿ ಬಟ್ಟೆ, ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ. ಕೈಗವಸು ಎರಡು ಜೊತೆ ಇರಲಿ, ಒಂದು ತೆಳು, ಒಂದು ದಪ್ಪ. ಹಿಮದಿಂದ ಚಿಮ್ಮುವ ಬೆಳಕಿಗೆ ತಂಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಬೇಕು, ಗಲ್ಲದ ಕೆಳಗೂ ಹಚ್ಚಿ, ಬೆಳಕು ಅಲ್ಲಿ ಕೆಳಗಿನಿಂದಲೂ ಬರುತ್ತದೆ.

ಹೆಜ್ಜೆ 6: ಹಡಗಿನವರೆಗೆ ತಲುಪುವುದು

ಬ್ಯೂನಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ವಿದೇಶದಿಂದ ಬರುವ ವಿಮಾನಗಳು ಹೆಚ್ಚಾಗಿ ಎಸೆಯ್ಸಾದಲ್ಲಿ ಇಳಿಯುತ್ತವೆ, ಉಶುವಾಯಾಕ್ಕೆ ಹೋಗುವ ಬಹಳ ವಿಮಾನಗಳು ಊರೊಳಗಿನ ಏರೋಪಾರ್ಕೆಯಿಂದ. ನಡುವೆ ಊರು ದಾಟಬೇಕು. ಟಿಕೆಟ್ ಮಾಡುವಾಗ ಇದನ್ನು ನೋಡಿಕೊಳ್ಳಿ. ಉಶುವಾಯಾಕ್ಕೆ ಎರಡು ದಿನ ಮೊದಲೇ ತಲುಪಿ. ಸೂಟ್‌ಕೇಸ್ ದಾರಿಯಲ್ಲಿ ಕಳೆದರೆ ಹಿಂದೆಯೇ ಬರಲು ಸಮಯ ಇರುತ್ತದೆ, ಹಡಗು ಮಾತ್ರ ಯಾರಿಗೂ ಕಾಯುವುದಿಲ್ಲ. ಪ್ಯಾಂಟು, ಕೈಗವಸು, ಮಾತ್ರೆ, ಕ್ಯಾಮೆರಾ ಇವು ಕೈಚೀಲದಲ್ಲೇ ಇರಲಿ. ಅರ್ಜೆಂಟೀನಾದಿಂದ ಹೊರಟು ಮತ್ತೆ ಅಲ್ಲಿಗೇ ಬರುತ್ತೀರಿ, ವೀಸಾ ಬೇಕಾದವರು ಒಂದಕ್ಕಿಂತ ಹೆಚ್ಚು ಸಲ ಒಳಬರುವ ವೀಸಾ ಮಾಡಿಸಿಕೊಳ್ಳುವುದು ಕ್ಷೇಮ.

ಹೆಜ್ಜೆ 7: ಬೀಜ, ಮಣ್ಣು, ವೆಲ್ಕ್ರೋ

ಹಡಗಿನಲ್ಲಿ ಒಂದು ಸಂಜೆ ಎಲ್ಲರೂ ತಮ್ಮ ಕೋಟು, ಚೀಲ, ಶೂ ಹಿಡಿದು ಸಾಲಾಗಿ ಕೂರುತ್ತಾರೆ. ಕೈಯಲ್ಲಿ ಚಿಮುಟ, ಬ್ರಷ್, ವ್ಯಾಕ್ಯೂಮ್. ಜೇಬಿನ ಮೂಲೆ, ವೆಲ್ಕ್ರೋ ಪಟ್ಟಿ, ಶೂ ತಳದ ಸಂದು ಎಲ್ಲವನ್ನೂ ಬಿಡಿಸಿ ಒಂದು ಹುಲ್ಲಿನ ಬೀಜವೂ ಉಳಿಯದಂತೆ ತೆಗೆಯಬೇಕು. ದಯವಿಟ್ಟು ಇದನ್ನು ಕಾಟಾಚಾರಕ್ಕೆ ಮಾಡಬೇಡಿ. ಸೌತ್ ಜಾರ್ಜಿಯಾದಲ್ಲಿ ಅಧಿಕಾರಿಗಳು ಹಡಗು ಹತ್ತಿ ತಪಾಸಣೆ ಮಾಡುತ್ತಾರೆ, ಬಟ್ಟೆಗಳು ಕೊಳೆಯಾಗಿದ್ದರೆ ಇಳಿಯುವುದೇ ನಿಂತುಹೋಗಬಹುದು.

ಯಾಕಿಷ್ಟು ಬಿಗಿ? ಆ ದ್ವೀಪಕ್ಕೆ ಸೀಲ್ ಬೇಟೆಗಾರರ, ತಿಮಿಂಗಿಲ ಬೇಟೆಗಾರರ ಹಡಗುಗಳ ಜೊತೆ ಇಲಿಗಳು ಬಂದವು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿ ಎಲ್ಲ ತಿಂದು ಹಾಕಿದವು. ಸೌತ್ ಜಾರ್ಜಿಯಾ ಪಿಪಿಟ್ ಅನ್ನುವ ಪುಟ್ಟ ಹಾಡುಹಕ್ಕಿ ಇಲಿಗಳಿಲ್ಲದ ಮೂಲೆಗಳಲ್ಲಷ್ಟೇ ಉಳಿಯಿತು. 2011ರಿಂದ 2015ರವರೆಗೆ ಹೆಲಿಕಾಪ್ಟರ್‌ಗಳಿಂದ ವಿಷದ ತುಣುಕು ಚೆಲ್ಲಿ, ಆಮೇಲೆ ತರಬೇತಿ ಪಡೆದ ನಾಯಿಗಳಿಂದ ಹುಡುಕಿಸಿ, 2018ರಲ್ಲಿ ದ್ವೀಪ ಇಲಿಮುಕ್ತ ಅಂತ ಘೋಷಿಸಿದರು. ಈಗ ಗ್ರಿಟ್ವಿಕೆನ್‌ನ ತುಕ್ಕು ಹಿಡಿದ ಹಳೆಯ ತಿಮಿಂಗಿಲ ಕಾರ್ಖಾನೆಯ ಸುತ್ತ ಪಿಪಿಟ್ ಹಾಡು ಕೇಳಿಸುತ್ತದೆ. ಅದನ್ನು ಕೇಳಿದ ದಿನ, ಚಿಮುಟ ಹಿಡಿದು ಕೂತ ಆ ಎರಡು ಗಂಟೆ ನನಗೆ ಏನೂ ಅನ್ನಿಸಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಹಕ್ಕಿಜ್ವರವೂ ಸೌತ್ ಜಾರ್ಜಿಯಾ ತಲುಪಿತು, ಆನೆ ಸೀಲ್‌ಗಳು ಬಹಳ ಸತ್ತವು. ಹಾಗಾಗಿ ಈಗ ದಡದಲ್ಲಿ ಕೂರುವುದು, ಮಂಡಿಯೂರುವುದು, ಮಲಗಿ ಫೋಟೋ ತೆಗೆಯುವುದು, ಚೀಲ ನೆಲಕ್ಕಿಡುವುದು ಯಾವುದೂ ಇಲ್ಲ. ನೆಲ ಮುಟ್ಟುವುದು ಗಂಬೂಟ್ ಮಾತ್ರ. ಪ್ರತಿ ಸಲ ಇಳಿಯುವ ಮೊದಲು, ವಾಪಸ್ ಬಂದ ಮೇಲೆ ಅದನ್ನು ಸೋಂಕು ಕಳೆಯುವ ನೀರಲ್ಲಿ ಉಜ್ಜಿ ತೊಳೆಯಬೇಕು. ಕೆಲವು ಜಾಗಗಳನ್ನು ಮುಚ್ಚಿಯೂ ಇರಬಹುದು.

ಹೆಜ್ಜೆ 8: ದಡದ ಮೇಲೆ

ದೋಣಿ ಹತ್ತುವಾಗ ಇಳಿಯುವಾಗ ನಾವಿಕರ ಹಿಡಿತ: ಅಂಗೈಗೆ ಅಂಗೈ ಅಲ್ಲ, ಅವರ ಮುಂಗೈಯನ್ನು ನೀವು, ನಿಮ್ಮದನ್ನು ಅವರು ಹಿಡಿಯಬೇಕು. ಎರಡೂ ಕೈ ಖಾಲಿ ಇರಲಿ. ಕ್ಯಾಮೆರಾ ಚೀಲದೊಳಗೆ.

ಪ್ರಾಣಿಗಳಿಂದ ಕನಿಷ್ಠ 5 ಮೀಟರ್ ದೂರ. ಅಂಟಾರ್ಕ್ಟಿಕಾದಲ್ಲಿ ಫರ್ ಸೀಲ್‌ಗೆ 15 ಮೀಟರ್. ಪೆಂಗ್ವಿನ್ ತಾನಾಗಿ ನಿಮ್ಮ ಕಡೆ ಬಂದರೆ ಅಲುಗಾಡದೆ ನಿಂತುಬಿಡಿ, ದಾರಿ ಅದರದ್ದು. ಹಿಮದಲ್ಲಿ ಅವು ತುಳಿದು ತುಳಿದು ಮಾಡಿದ ಕಾಲುದಾರಿಗಳಿರುತ್ತವೆ, ಅವನ್ನು ತುಳಿಯಬೇಡಿ. ನಿಮ್ಮ ಕಾಲು ಹೂತು ಗುಂಡಿಯಾದರೆ ಹಿಮ ತುಂಬಿಸಿ ಮುಚ್ಚಿ. ಮೊಣಕಾಲುದ್ದದ ಗುಂಡಿಗೆ ಬಿದ್ದ ಪೆಂಗ್ವಿನ್ ಮೇಲೆ ಬರಲಾರದು.

ಫರ್ ಸೀಲ್ ನಿಮ್ಮತ್ತ ಓಡಿ ಬಂದರೆ ಬೆನ್ನು ತಿರುಗಿಸಿ ಓಡಬೇಡಿ. ಗಟ್ಟಿಯಾಗಿ ನಿಂತು, ತೋಳು ಅಗಲಿಸಿ, ಗೈಡ್ ಹೇಳಿದಂತೆ ನಿಧಾನ ಹಿಂದೆ ಸರಿಯಿರಿ. ಹೆಚ್ಚಿನ ಸಲ ಅದು ಬರೀ ಹೆದರಿಸುತ್ತದೆ. ಆನೆ ಸೀಲ್ ಗಂಡು ನಾಲ್ಕು ಟನ್‌ವರೆಗೂ ತೂಗುತ್ತದೆ, ಮಲಗಿದ್ದಾಗ ಬಂಡೆಯಂತೆ ಕಾಣುತ್ತದೆ, ಎದ್ದರೆ ನೀವು ಅಂದುಕೊಂಡದ್ದಕ್ಕಿಂತ ಬೇಗ ನುಗ್ಗುತ್ತದೆ. ಅದಕ್ಕೂ ಸಮುದ್ರಕ್ಕೂ ನಡುವೆ ನಿಲ್ಲಲೇಬೇಡಿ.

ಹೆಜ್ಜೆ 9: ಎಲ್ಲಿ ಏನು ನೋಡಬೇಕು

ಫಾಕ್‌ಲ್ಯಾಂಡ್‌ನಲ್ಲಿ ಸ್ಟ್ಯಾನ್ಲಿ ಊರಿಗಿಂತ ಪಶ್ಚಿಮದ ಸಣ್ಣ ದ್ವೀಪಗಳಿಗೆ ಬೆಲೆ ಕೊಡಿ. ಸಾಂಡರ್ಸ್ ದ್ವೀಪದ ನೆಕ್ ಅನ್ನುವ ಮರಳ ಪಟ್ಟಿಯಲ್ಲಿ ನಾಲ್ಕು ಬಗೆಯ ಪೆಂಗ್ವಿನ್‌ಗಳು ಸಿಗುತ್ತವೆ. ಸ್ಟೀಪಲ್ ಜೇಸನ್‌ನಲ್ಲಿ ಕಪ್ಪುಹುಬ್ಬಿನ ಆಲ್ಬಟ್ರಾಸ್‌ಗಳ ಜಗತ್ತಿನ ಅತಿ ದೊಡ್ಡ ಕಾಲೊನಿ ಇದೆ, ಅಲೆ ಬಿಟ್ಟರೆ ಮಾತ್ರ ಇಳಿಯಬಹುದು.

ಸೌತ್ ಜಾರ್ಜಿಯಾದಲ್ಲಿ ಸೇಂಟ್ ಆಂಡ್ರ್ಯೂಸ್ ಬೇ, ಸಾಲಿಸ್‌ಬರಿ ಪ್ಲೇನ್ ಎರಡೂ ಕಿಂಗ್ ಪೆಂಗ್ವಿನ್‌ಗಳಿಗೆ. ಕೂಪರ್ ಬೇಯಲ್ಲಿ ಹಳದಿ ಜುಟ್ಟಿನ ಮ್ಯಾಕರೋನಿ ಪೆಂಗ್ವಿನ್‌ಗಳನ್ನು ದೋಣಿಯಿಂದಲೇ ನೋಡಬಹುದು. ಪ್ರಿಯಾನ್ ದ್ವೀಪದಲ್ಲಿ ವಾಂಡರಿಂಗ್ ಆಲ್ಬಟ್ರಾಸ್, ರೆಕ್ಕೆ ಬಿಚ್ಚಿದರೆ ಮೂರೂವರೆ ಮೀಟರ್‌ವರೆಗೆ. ಗ್ರಿಟ್ವಿಕೆನ್‌ನಲ್ಲಿ ಜನ ಷ್ಯಾಕಲ್‌ಟನ್ ಅನ್ನುವ ಅಂಟಾರ್ಕ್ಟಿಕಾ ಅನ್ವೇಷಕನ ಸಮಾಧಿಗೆ ಹೋಗಿ ಬೇಗ ಹಿಂದಿರುಗುತ್ತಾರೆ. ಹಾಗೆ ಮಾಡಬೇಡಿ. 1904ರಲ್ಲಿ ಕಾರ್ಲ್ ಆಂಟನ್ ಲಾರ್ಸನ್ ಶುರು ಮಾಡಿದ ತಿಮಿಂಗಿಲ ಕಾರ್ಖಾನೆ ಅದು. ಅರವತ್ತು ವರ್ಷಗಳಲ್ಲಿ ಈ ದ್ವೀಪದ ಕಾರ್ಖಾನೆಗಳಲ್ಲಿ ಸುಮಾರು 1,75,000 ತಿಮಿಂಗಿಲಗಳನ್ನು ಕೊಯ್ದರು. ಎಣ್ಣೆಯ ತೊಟ್ಟಿಗಳ ನಡುವೆ ನಿಧಾನ ನಡೆದು ನೋಡಿ. ಆಮೇಲೆ ಕೊಲ್ಲಿಯ ಹೊರಗೆ ಹಂಪ್‌ಬ್ಯಾಕ್ ಒಂದು ಉಸಿರು ಚಿಮ್ಮಿಸಿದಾಗ ಗಂಟಲು ಕಟ್ಟುತ್ತದೆ.

ಪೆನಿನ್ಸುಲಾದ ದಾರಿಯಲ್ಲಿ ಎಲಿಫೆಂಟ್ ದ್ವೀಪದ ಪಾಯಿಂಟ್ ವೈಲ್ಡ್ ಬರುತ್ತದೆ. ಷ್ಯಾಕಲ್‌ಟನ್‌ನ 22 ಜನ ತಮ್ಮ ಹಡಗು ಕಳೆದುಕೊಂಡ ಮೇಲೆ 1916ರಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಬೋರಲು ಹಾಕಿದ ದೋಣಿಗಳ ಕೆಳಗೆ ಬದುಕಿದರು. ಆತ ಐದು ಜನರ ಜೊತೆ ಪುಟ್ಟ ದೋಣಿಯಲ್ಲಿ ಸುಮಾರು 1,300 ಕಿ.ಮೀ. ದಾಟಿ ಸೌತ್ ಜಾರ್ಜಿಯಾ ಮುಟ್ಟಿ, ಕೊನೆಗೆ ಆಗಸ್ಟ್ 30ರಂದು ಚಿಲಿಯ ಯೆಲ್ಚೊ ಹಡಗಿನಲ್ಲಿ ಬಂದು ಎಲ್ಲರನ್ನೂ ಕರೆದೊಯ್ದ. ಅಲ್ಲಿ ಇಳಿಯಲು ಆಗುವುದು ಬಹಳ ಅಪರೂಪ. ಆ ಕಲ್ಲಿನ ತುಂಡನ್ನು ಹಡಗಿನಿಂದ ನೋಡಿದರೂ ಮೈ ಜುಮ್ಮೆನ್ನುತ್ತದೆ. ಡಿಸೆಪ್ಷನ್ ದ್ವೀಪದಲ್ಲಿ ಹಡಗು ಜ್ವಾಲಾಮುಖಿಯ ಬಾಯೊಳಗೇ ಹೋಗಿ ನಿಲ್ಲುತ್ತದೆ, ಕಪ್ಪು ಮರಳಿನಿಂದ ಹಬೆ ಏಳುತ್ತಿರುತ್ತದೆ. ಕ್ಯೂವರ್‌ವಿಲ್‌ನಲ್ಲಿ ಜೆಂಟೂ, ಹಾಫ್ ಮೂನ್‌ನಲ್ಲಿ ಚಿನ್‌ಸ್ಟ್ರಾಪ್, ಪೌಲೆಟ್‌ನಲ್ಲಿ ಅಡೇಲಿ ಪೆಂಗ್ವಿನ್‌ಗಳು.

ಈ ಪಟ್ಟಿಯನ್ನು ಹಿಡಿದು ಗೈಡ್ ಹತ್ತಿರ ಜಗಳ ಆಡಬೇಡಿ. ಸೌತ್ ಜಾರ್ಜಿಯಾದ ಹಿಮನದಿಗಳಿಂದ ಧುಮುಕುವ ಗಾಳಿ ಐದು ನಿಮಿಷದಲ್ಲಿ ಎಲ್ಲ ಬದಲಿಸುತ್ತದೆ. ಹೋಗಲು ಆಗದ ಜಾಗಕ್ಕೆ ಬದಲಾಗಿ ಅವರು ತೋರಿಸುವ ಹೆಸರಿಲ್ಲದ ಕೊಲ್ಲಿಯೇ ಕೊನೆಗೆ ನೆನಪಲ್ಲಿ ಉಳಿಯಬಹುದು.

ಹೆಜ್ಜೆ 10: ಕ್ಯಾಮೆರಾ ಮತ್ತು ಕೊನೆಯ ದಿನ

100-400 ಎಂಎಂ ಲೆನ್ಸ್ ಒಂದಿದ್ದರೆ ಸಾಕು, ಜೊತೆಗೆ ಫೋನ್. ಡ್ರೋನ್ ತರಬೇಡಿ, ಪ್ರವಾಸಿಗರು ಹಾರಿಸುವಂತಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಹೊರಗಿನಿಂದ ಬಂದ ಕೂಡಲೇ ಕ್ಯಾಮೆರಾ ಚೀಲ ತೆರೆಯಬೇಡಿ, ಲೆನ್ಸ್ ಒಳಗೆ ಮಂಜು ಕೂರುತ್ತದೆ, ಅರ್ಧ ಗಂಟೆ ಹಾಗೆಯೇ ಬಿಡಿ. ಪ್ರತಿ ಸಲ ದಡದಲ್ಲಿ ಕೊನೆಯ ಹದಿನೈದು ನಿಮಿಷ ಕ್ಯಾಮೆರಾ ಒಳಗಿಟ್ಟು ಬರೀ ಕಣ್ಣಲ್ಲಿ ನೋಡಿ.

ಹಡಗು ಉಶುವಾಯಾಕ್ಕೆ ವಾಪಸ್ ಬರುವ ದಿನವೇ ಬೆಳಗಿನ ವಿಮಾನ ಹಿಡಿಯುತ್ತೇನೆ ಅಂದುಕೊಳ್ಳಬೇಡಿ. ಡ್ರೇಕ್‌ನಲ್ಲಿ ಗಾಳಿ ಎದ್ದರೆ ಹಡಗು ಅರ್ಧ ದಿನ ತಡವಾಗಬಹುದು. ಒಂದು ರಾತ್ರಿ ಅಲ್ಲೇ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ನೆಲದ ಮೇಲೆ ನಿಂತರೂ ತೂಗಾಡಿದ ಹಾಗೆ ಅನ್ನಿಸುವುದು ಒಂದೆರಡು ದಿನ ಇರುತ್ತದೆ, ಹೆದರಬೇಡಿ, ತಾನಾಗಿ ಹೋಗುತ್ತದೆ. ಕೋಟಿಗೆ ಹತ್ತಿದ ಪೆಂಗ್ವಿನ್ ವಾಸನೆ ಹೋಗಲು ಮಾತ್ರ ಎರಡು ಸಲ ಒಗೆಯಬೇಕಾಗುತ್ತದೆ.